ಹನ್ನೊಂದನೇ ಡ್ರಮ್ಮು

ದಿಬ್ಬೂರಹಳ್ಳಿ ರಸ್ತೆಯ ಶೆಡ್ಡಿನಲ್ಲಿ ನನ್ನ ಕೆಲಸ
ಎಣ್ಣೆಯ ವಯಸ್ಸು ಬರೆದಿಡುವುದು.

ಎಲೆಯೆಲ್ಲ ಹುಳುವಿಗೆ ಹೋದ ಮೇಲೆ ಉಳಿದ
ಹಿಪ್ಪುನೇರಳೆ ಕಡ್ಡಿಯನ್ನು
ಪಿಳ್ಳವೆಂಕಟಪ್ಪ ಟ್ರಾಲಿಯಲ್ಲಿ ತಂದು ಸುರಿಯುತ್ತಾನೆ.
'ಸೌದೆಗೂ ಬರಲ್ಲ ಮೇಡಂ, ಭರ್ರಂತ ಉರಿದು ಹೋಗುತ್ತೆ.'
ಒಣಗಿಸಿ, ಪುಡಿ ಮಾಡಿ, ಗಾಳಿ ನುಸುಳದ ಕೊಳವೆಯೊಳಗೆ
ಐನೂರು ಡಿಗ್ರಿಗೆ ನೂಕುತ್ತೇವೆ.
ಉರಿಯೋಣವೆಂದರೆ ಉಸಿರಿಲ್ಲ ಕಡ್ಡಿಗೆ.
ಎರಡು ಸೆಕೆಂಡಿಗೆ ಹೊಗೆ.
ಮೂರನೆಯದಕ್ಕೆ ತಣ್ಣೀರ ಸುರುಳಿ ತಾಗಿ
ಎಲ್ಲಿಗೆ ಹೊರಟಿತ್ತೋ ಅದನ್ನು ಮುಗಿಸದೆ
ಕಪ್ಪಗೆ ತೊಟ್ಟಿಕ್ಕುತ್ತದೆ.

ಮೊದಲ ದಿನ ನೋಡಬೇಕು ಅದನ್ನು.
ಗಾಜಿನ ನಳಿಗೆಯಲ್ಲಿ ಡಿಕಾಕ್ಷನ್ನಿನ ಹಾಗೆ ಸರಸರ ಇಳಿಯುತ್ತದೆ.
ಹುಳಿ, ಹೊಗೆ, ಸುಟ್ಟ ಬೆಲ್ಲದ ಒಂದೆಳೆ ವಾಸನೆ
ಮನೆಗೆ ಹೋದರೂ ಜಡೆಯಲ್ಲಿ.
ಎರಡನೇ ತಿಂಗಳಿಗೆ ಜೋನಿಬೆಲ್ಲ.
ಆರನೆಯದಕ್ಕೆ ತಳದಲ್ಲಿ ಡಾಂಬರು, ಮೇಲೆ ನೀರು,
ಪಾಲಾದ ಅಣ್ಣತಮ್ಮಂದಿರ ಹಾಗೆ.

ಯಾರೂ ಮುಟ್ಟಿಲ್ಲ. ಮುಚ್ಚಳ ಬಿಗಿಯಾಗೇ ಇದೆ.
ಒಳಗೇ ನಡೆದಿದೆ ಎಲ್ಲ.
ಮರದಲ್ಲಿ ಒಂದಾಗಿದ್ದವು ಚೂರಾಗಿ
ಕತ್ತಲಲ್ಲಿ ತಡವುತ್ತ ಒಂದನ್ನೊಂದು ಹಿಡಿಯುತ್ತಿವೆ;
ಆಲ್ಡಿಹೈಡಿಗೆ ಫೀನಾಲು ಸಿಗುತ್ತದೆ,
ನಡುವೆ ಆಮ್ಲದ್ದು ದಲ್ಲಾಳಿ ಕೆಲಸ,
ಗಂಟು ಬಿದ್ದ ಕಡೆಯಲ್ಲೆಲ್ಲ ಒಂದಿಷ್ಟು ನೀರು ಹೊರಗೆ.
ಮತ್ತೆ ಮರವಾಗುವುದು ಅವಕ್ಕೆ ಗೊತ್ತಿಲ್ಲ.
ಅಂಟಾಗುವುದು ಗೊತ್ತು.

ಒಂದು ವರ್ಷ ಕಾಯುವಷ್ಟು ಪುರುಸೊತ್ತು ನಮಗೆಲ್ಲಿ?
ಎಂಬತ್ತು ಡಿಗ್ರಿಯ ಪೆಟ್ಟಿಗೆಯಲ್ಲಿ
ಒಂದು ಹಗಲು ಒಂದು ರಾತ್ರಿ ಇಟ್ಟರೆ
ಹೊರಗಿನ ವರ್ಷಕ್ಕೆ ಹೆಚ್ಚುಕಡಿಮೆ ಸಮ ಅಂತ ಲೆಕ್ಕ.
ಗುರುವಾರ ಸೀಸೆ ಇಟ್ಟು ಹೋದೆ.
ಮುದ್ದೆ ಉಂಡೆ, ಮಗಳ ಪಠ್ಯ ಕೇಳಿದೆ, ಮಲಗಿದೆ.
ಶುಕ್ರವಾರ ಅದಕ್ಕೆ ಒಂದು ವರ್ಷ ಹೆಚ್ಚಾಗಿತ್ತು,
ನನ್ನನ್ನು ಬಿಟ್ಟು.

ಶಿಡ್ಲಘಟ್ಟದಲ್ಲಿ ಖಮರುನ್ನಿಸಾ ಅವರ ರೀಲಿಂಗ್ ಮನೆ.
ಹತ್ತು ಡ್ರಮ್ಮು ಚೆನ್ನಾಗಿ ಉರಿದವು.
ಹನ್ನೊಂದನೆಯದು ಬೇಸಿಗೆಯೆಲ್ಲ ಗೋಡೆ ಮಗ್ಗುಲಲ್ಲಿ ಕೂತಿತ್ತು.
ಬೆಳಗಿನ ಐದೂವರೆಗೆ ಬರ್ನರು ಕೆಮ್ಮಿ ನಿಂತಿತಂತೆ,
ಬಾಣಲೆಯ ನೀರು ಆರಿ ಗೂಡು ಎಳೆ ಬಿಡದೆ
ಎಂಟು ಜನ ಕೈಕಟ್ಟಿ ಕೂತರಂತೆ.
ನಾಜಲ್ಲನ್ನು ಪೇಪರಿನಲ್ಲಿ ಸುತ್ತಿ
ನನ್ನ ಮೇಜಿನ ಮೇಲಿಟ್ಟರು.
'ಎಣ್ಣೆ ಕೊಟ್ರೋ, ಗೋಂದು ಕೊಟ್ರೋ?'

ಹೇಳಿದೆ. ಚೂರು, ಆಮ್ಲ, ಗಂಟು, ನೀರು.
ಕುರ್ಚಿಯ ಅಂಚಿನಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು.
'ಅಂದ್ರೆ ಇದರೊಳಗಿನ ಹುಳ ಸತ್ತಿಲ್ಲ.
ಗೂಡು ತಂದ್ವಾ, ಬಿಸಿಗಾಳಿಗೆ ಹಾಕ್ತೀವಿ.
ಎರಡು ದಿನ ಮೈಮರೆತರೆ ಚಿಟ್ಟೆ ಕೊರೆದುಕೊಂಡು ಆಚೆ ಬರುತ್ತೆ,
ಎಳೆಯೆಲ್ಲ ತುಂಡು.
ಬಿಸಿ ಕೊಟ್ಟ ಮೇಲೆ ಸುಮ್ಮನಾಗಬೇಕಲ್ಲ ವಸ್ತು?
ನಿಮ್ಮದು ಬಿಸಿ ಕೊಟ್ಟ ಮೇಲೇ ಶುರುವಾಗುತ್ತಲ್ಲ!'

ಎಂಟು ವರ್ಷದ ನನ್ನ ಪುಸ್ತಕದಲ್ಲಿ
ಈ ಮಾತಿಗೊಂದು ಕಾಲಂ ಇರಲಿಲ್ಲ.

ನೂರಕ್ಕೆ ಹತ್ತು ಮಿಥೆನಾಲು ಬೆರೆಸಿದರೆ ನಿಧಾನವಾಗುತ್ತದೆ ಎಂದೆ.
'ಸಾಯುತ್ತಾ?'
ಇಲ್ಲ. ನಿಧಾನ, ಅಷ್ಟೇ.
ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ತಿರುಗಿ ಹೇಳಿದರು,
'ಹಾಗಾದ್ರೆ ಡ್ರಮ್ಮು ಬೇಡ. ವಾರಕ್ಕೆ ಎರಡು ಕ್ಯಾನು ಕಳಿಸಿ.
ಹಾಲು ಹಾಕಿಸಿಕೊಂಡ ಹಾಗೆ.'

ಈಗ ಸೋಮವಾರ ಎರಡು ಕ್ಯಾನು ಹೋಗುತ್ತವೆ,
ಪ್ಲಾಸ್ಟಿಕ್ಕಿನವು; ತಗಡನ್ನು ಅದು ತಿನ್ನುತ್ತದೆ.
ಹನ್ನೊಂದನೆಯದು ವಾಪಸು ಬಂದು ಮೂಲೆಯಲ್ಲಿದೆ.
ಮೊನ್ನೆ ಆಳ ನೋಡಲೆಂದು
ಕೈಗೆ ಸಿಕ್ಕ ನೇರಳೆ ಕಡ್ಡಿಯನ್ನು ಅದರೊಳಗೆ ಚುಚ್ಚಿದೆ.
ನಿಂತಿತು.
ಪಿಳ್ಳವೆಂಕಟಪ್ಪ ಹೊಲದಲ್ಲಿ ಕಡ್ಡಿ ನೆಡುವಾಗ
ಎರಡು ಕಣ್ಣು ಮೇಲೆ ಬಿಟ್ಟು ಊರುತ್ತಾನಲ್ಲ,
ಹಾಗೆ.

ಬೆಳಿಗ್ಗೆ ಬಾಗಿಲು ತೆಗೆದವಳು
ದೀಪ ಹಾಕುವ ಮೊದಲೇ
ಅದರ ಕಣ್ಣು ಮುಟ್ಟಿ ನೋಡಿದೆ.